ನಾಲೆ ನೀರು ನೇರ ಬಸಿಗಾಲುವೆಗೆ: ಮೆದುಳಿನ ರಕ್ತನಾಳಗಳ ಹುಟ್ಟುದೋಷ ಮತ್ತು ಪಾರ್ಶ್ವವಾಯು

1996ರ ಡಿಸೆಂಬರ್ 10. ಅಮೆರಿಕದ ಬಾಸ್ಟನ್ ನಗರ. ಜಿಲ್ ಬೋಲ್ಟ್ ಟೇಲರ್ ಎಂಬ 37 ವರ್ಷದ ಮೆದುಳು ವಿಜ್ಞಾನಿ ಬೆಳಿಗ್ಗೆ ಎದ್ದಾಗ ಎಡಗಣ್ಣಿನ ಹಿಂದೆ ಚುಚ್ಚುವಂಥ ನೋವು. ಐಸ್‌ಕ್ರೀಮ್ ಕಚ್ಚಿದಾಗ ತಲೆಗೆ ಜುಮ್ ಅಂತ ಹತ್ತುತ್ತಲ್ಲ, ಆ ಥರದ್ದು. ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ದಿನದ ಹಾಗೆ ವ್ಯಾಯಾಮದ ಯಂತ್ರ ಹತ್ತಿದರು. ಹಿಡಿಕೆ ಹಿಡಿದ ತಮ್ಮ ಕೈಗಳೇ ಯಾರದೋ ಕೈಗಳಂತೆ ಕಂಡವು. ಬಚ್ಚಲಲ್ಲಿ ಆಯ ತಪ್ಪಿ ಗೋಡೆಗೆ ಒರಗಿದರು. ಸ್ವಲ್ಪ ಹೊತ್ತಿಗೆ ಬಲಗೈ ಜೋತುಬಿತ್ತು. ಆಗ ಅವರಿಗೆ ಗೊತ್ತಾಯಿತು, ತನಗೆ ಲಕ್ವ ಹೊಡೆಯುತ್ತಿದೆ ಎಂದು.

ಗೊತ್ತಾದರೂ ಫೋನ್ ಮಾಡುವುದು ಹೇಗೆ? ಆಫೀಸಿನ ನಂಬರ್ ನೆನಪಿಗೆ ಬರಲಿಲ್ಲ. ವಿಸಿಟಿಂಗ್ ಕಾರ್ಡುಗಳ ಕಟ್ಟು ತೆಗೆದು ಒಂದೊಂದಾಗಿ ನೋಡಿದರು. ಅಕ್ಷರಗಳು ಬರೀ ಚುಕ್ಕಿಗಳಾಗಿ ಕಾಣುತ್ತಿದ್ದವು. ನಡುನಡುವೆ ಮನಸ್ಸು ಕೆಲವು ಕ್ಷಣ ತಿಳಿಯಾಗುತ್ತಿತ್ತು, ಮತ್ತೆ ಮಂಜು. ಮೂರು ಇಂಚು ದಪ್ಪದ ಆ ಕಟ್ಟಿನಲ್ಲಿ ಒಂದು ಇಂಚು ಮುಗಿಸುವಷ್ಟರಲ್ಲಿ 45 ನಿಮಿಷ ಕಳೆದಿತ್ತು. ಕೊನೆಗೆ ಕಾರ್ಡ್ ಸಿಕ್ಕಿತು. ಅದರ ಮೇಲಿನ ಅಂಕಿಯ ಆಕಾರ ನೋಡುವುದು, ಫೋನಿನ ಗುಂಡಿಯ ಮೇಲಿನ ಆಕಾರ ನೋಡುವುದು, ಎರಡೂ ಒಂದೇ ಅನಿಸಿದರೆ ಒತ್ತುವುದು. ಎಲ್ಲಿವರೆಗೆ ಒತ್ತಿದೆ ಎನ್ನುವುದೇ ಮರೆತುಹೋಗುತ್ತಿತ್ತು. ಅದಕ್ಕೆ ಒತ್ತಿ ಮುಗಿದ ಅಂಕಿಗಳನ್ನು ಸೋತ ಕೈಯಿಂದ ಮುಚ್ಚಿಕೊಂಡು ಮುಂದೆ ಹೋದರು. ಆ ಕಡೆ ಸಹೋದ್ಯೋಗಿ ಎತ್ತಿಕೊಂಡರು. ಅವರ ಮಾತು ನಾಯಿ ಬೊಗಳಿದಂತೆ ಕೇಳಿಸಿತು. ತಾನು ಆಡಿದ ಮಾತೂ ಹಾಗೇ ಹೊರಟಿತು. ಅಷ್ಟರಲ್ಲೇ ಅವರಿಗೆ ಅರ್ಥವಾಗಿ ಸಹಾಯಕ್ಕೆ ಬಂದರು.

ಮೆದುಳನ್ನೇ ಓದಿಕೊಂಡ ಹೆಂಗಸು, 37 ವರ್ಷ. ನಾವು ಪಾರ್ಶ್ವವಾಯು ಅಂದರೆ ಅರವತ್ತು ದಾಟಿದವರ ಕಾಯಿಲೆ, ಬಿಪಿ ಶುಗರ್ ಇರುವವರ ಕಾಯಿಲೆ ಅಂದುಕೊಳ್ಳುತ್ತೇವೆ ಅಲ್ವಾ? ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಟೇಲರ್ ಅವರ ತಲೆಯಲ್ಲಿ ಆ ದಿನ ಒಡೆದದ್ದು ಅವರ ಜೊತೆಗೇ ಬೆಳೆದು ಬಂದಿದ್ದ ಒಂದು ರಕ್ತನಾಳಗಳ ಗಂಟು. ವೈದ್ಯರು ಇದನ್ನು ಆರ್ಟೀರಿಯೋವೀನಸ್ ಮಾಲ್ಫಾರ್ಮೇಶನ್ ಎನ್ನುತ್ತಾರೆ, ಚಿಕ್ಕದಾಗಿ ಎವಿಎಂ.

ನಾನು ಈ ಹೆಸರನ್ನು ಮೊದಲು ಕೇಳಿದ್ದು ನಮ್ಮ ಮನೆಯಲ್ಲೇ. ಮಂಡ್ಯದ ಕಡೆ ಇರುವ ನನ್ನ ಚಿಕ್ಕಮ್ಮನ ಮಗನಿಗೆ ಆಗ 19 ವರ್ಷ. ಕೆಲವು ವಾರಗಳಿಂದ ಬಲಗೈ ಹೆಬ್ಬೆರಳು ಆಗಾಗ ತಾನೇ ಕುಣಿಯುತ್ತಿತ್ತಂತೆ. "ಮೊಬೈಲ್ ಜಾಸ್ತಿ ಒತ್ತಿ ಹಿಂಗಾಗಿದೆ" ಅಂತ ನಕ್ಕು ಸುಮ್ಮನಾಗಿದ್ದ. ಒಂದು ರಾತ್ರಿ ಹಾಸ್ಟೆಲಿನಲ್ಲಿ ಆ ಕುಣಿತ ಬೆರಳಿಂದ ಮೊಣಕೈಗೆ, ಅಲ್ಲಿಂದ ಮುಖಕ್ಕೆ ಏರಿ, ಮೈಯೆಲ್ಲ ಸೆಟೆದು ಬಿದ್ದ. ಜೊತೆಯ ಹುಡುಗರು ಬೀಗದ ಕೈ ಗೊಂಚಲು ತಂದು ಅಂಗೈಗೆ ಒತ್ತಿದರು. ಫಿಟ್ಸ್‌ಗೆ ಮಾತ್ರೆ ಶುರುವಾಯಿತು, ತಲೆಯ ಸ್ಕ್ಯಾನ್ ಆಯಿತು. ಸ್ಕ್ಯಾನಿನಲ್ಲಿ ಮೆದುಳಿನ ಎಡಭಾಗದಲ್ಲಿ ಹುಳುಗಳ ಗುಂಪಿನ ಹಾಗೆ ಕಪ್ಪು ಸುರುಳಿಗಳು ಕಂಡವು.

ಆ ಸುರುಳಿ ಏನು, ಹೇಗೆ ಬಂತು, ಅದರಿಂದ ಏನಾಗಬಹುದು, ಅದನ್ನು ಮುಟ್ಟಬೇಕೋ ಬಿಡಬೇಕೋ. ಆ ದಿನಗಳಲ್ಲಿ ನಮಗೆ ಯಾರಾದರೂ ಕನ್ನಡದಲ್ಲಿ ಕೂರಿಸಿಕೊಂಡು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನಿಸಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾಲೆ, ಹೊಲಗಾಲುವೆ, ಬಸಿಗಾಲುವೆ

ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ನೀರಿಗೆ ರಭಸ ಜಾಸ್ತಿ. ನಾಲೆಯಿಂದ ಉಪನಾಲೆ, ಉಪನಾಲೆಯಿಂದ ತೂಬು, ತೂಬಿನಿಂದ ಹೊಲಗಾಲುವೆ. ಕವಲೊಡೆದಂತೆಲ್ಲ ರಭಸ ತಗ್ಗುತ್ತದೆ. ಗದ್ದೆಗೆ ಬರುವಾಗ ನೀರು ಮೆಲ್ಲಗೆ ಹರಡಿಕೊಂಡು ಪೈರಿನ ಬುಡಕ್ಕೆ ಇಳಿಯುತ್ತದೆ. ಮಿಕ್ಕಿದ ನೀರು ಬಸಿಗಾಲುವೆಗೆ ಸೇರಿ ಹಳ್ಳಕ್ಕೆ ಹೋಗುತ್ತದೆ. ಬಸಿಗಾಲುವೆಗೆ ಯಾರೂ ಗಟ್ಟಿ ಏರಿ ಹಾಕುವುದಿಲ್ಲ. ಹಾಕುವ ಅಗತ್ಯವೂ ಇಲ್ಲ, ಅಲ್ಲಿ ಬರುವುದು ನಿಧಾನದ ನೀರು.

ಮೆದುಳಿನಲ್ಲೂ ಇದೇ ಏರ್ಪಾಡು. ಹೃದಯದಿಂದ ಬರುವ ರಕ್ತ ಅಪಧಮನಿಯಲ್ಲಿ ರಭಸವಾಗಿ ಏರುತ್ತದೆ. ಅಪಧಮನಿಯ ಗೋಡೆ ದಪ್ಪ, ಅದರಲ್ಲಿ ಸ್ನಾಯು ಇದೆ. ಅದು ಕವಲೊಡೆದು ಕವಲೊಡೆದು ಕೊನೆಗೆ ಲೋಮನಾಳವಾಗುತ್ತದೆ. ಲೋಮನಾಳ ಎಷ್ಟು ಸಣ್ಣದೆಂದರೆ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು. ಆಮ್ಲಜನಕ, ಸಕ್ಕರೆ ಎಲ್ಲ ಮೆದುಳಿನ ಜೀವಕೋಶಕ್ಕೆ ಇಳಿಯುವುದು ಇಲ್ಲೇ. ಇದೇ ಗದ್ದೆ. ಆಮೇಲೆ ರಕ್ತ ಅಭಿಧಮನಿಗೆ ಸೇರಿ ಹೃದಯಕ್ಕೆ ವಾಪಸ್. ಅಭಿಧಮನಿಯ ಗೋಡೆ ತೆಳು, ಬಸಿಗಾಲುವೆಯ ಏರಿಯ ಹಾಗೆ.

ಎವಿಎಂ ಇರುವ ಜಾಗದಲ್ಲಿ ನಡುವಿನ ಗದ್ದೆಯೇ ಇಲ್ಲ. ಲೋಮನಾಳಗಳ ಜಾಲ ಅಲ್ಲಿ ಆಗಿಲ್ಲ. ಅಪಧಮನಿಯ ರಕ್ತ ಒಂದು ಗೋಜಲಿನ ಮೂಲಕ ನೇರವಾಗಿ ಅಭಿಧಮನಿಗೆ ನುಗ್ಗುತ್ತದೆ. ನಾಲೆಯ ಏರಿ ಒಡೆದು ನೀರು ಸೀದಾ ಬಸಿಗಾಲುವೆಗೆ ನುಗ್ಗಿದಂತೆ. ಹೀಗಾದರೆ ಊರಿನವರು ಎರಡು ತೊಂದರೆ ಹೇಳುತ್ತಾರೆ, ಎರಡೂ ಮೆದುಳಿಗೆ ಹಾಗೇ ಒಪ್ಪುತ್ತವೆ.

ಮೊದಲನೆಯದು, ಬಸಿಗಾಲುವೆ ಕೊಚ್ಚಿಹೋಗುವುದು. ತೆಳುಗೋಡೆಯ ಅಭಿಧಮನಿ ವರ್ಷಗಟ್ಟಲೆ ಆ ರಭಸ ತಡೆಯುತ್ತಾ ಉಬ್ಬುತ್ತದೆ, ಸುತ್ತಿಕೊಳ್ಳುತ್ತದೆ, ಒಂದು ದಿನ ಒಡೆಯುತ್ತದೆ. ಕೆಲವರಲ್ಲಿ ರಕ್ತ ತರುವ ಅಪಧಮನಿಯ ಮೇಲೇ ಗುಳ್ಳೆ ಎದ್ದು ಅದು ಒಡೆಯುತ್ತದೆ. ರಕ್ತ ಮೆದುಳಿನ ಒಳಗೇ ಸುರಿಯುತ್ತದೆ. ಇದು ರಕ್ತಸ್ರಾವದ ಪಾರ್ಶ್ವವಾಯು. ಟೇಲರ್ ಅವರಿಗೆ ಆದದ್ದು ಇದೇ.

ಎರಡನೆಯದು, ಕೊನೇ ಭಾಗದ ರೈತರ ಗೋಳು. ಮೇಲೆ ನೀರು ಪೋಲಾದರೆ ಮದ್ದೂರು, ಮಳವಳ್ಳಿ ಕಡೆಯ ಗದ್ದೆಗೆ ಹನಿಯೂ ತಲುಪುವುದಿಲ್ಲ. ಎವಿಎಂ ಸುಲಭದ ದಾರಿಯಾದ್ದರಿಂದ ರಕ್ತ ಆ ಕಡೆಗೇ ಓಡುತ್ತದೆ. ಪಕ್ಕದ ಒಳ್ಳೆಯ ಮೆದುಳಿಗೆ ಸಾಲದೆ ಬರುತ್ತದೆ. ಕೆಲವರಲ್ಲಿ ಏನೂ ಒಡೆಯದೇನೇ ಕೈ ಸೋಲುವುದು, ಮಾತು ತೊದಲುವುದು ನಿಧಾನವಾಗಿ ಶುರುವಾಗುವುದಕ್ಕೆ ಇದೂ ಒಂದು ಕಾರಣ ಎಂದು ವೈದ್ಯರು ಹೇಳುತ್ತಾರೆ. ಆದರೆ ರಕ್ತಸ್ರಾವದಷ್ಟು ಇದು ಸಾಮಾನ್ಯವಲ್ಲ.

ಗಂಟಿನ ಸುತ್ತಲಿನ ಮೆದುಳು ಈ ಒತ್ತಡದಲ್ಲಿ ಕೆರಳುವುದೂ ಇದೆ. ಆಗ ಬರುವುದು ಫಿಟ್ಸ್. ನಮ್ಮ ಹುಡುಗನ ಹೆಬ್ಬೆರಳು ಕುಣಿಯುತ್ತಿದ್ದದ್ದು ಅದೇ. ಎಡ ಮೆದುಳಿನಲ್ಲಿ ಬಲಗೈಯನ್ನು ಆಡಿಸುವ ಪಟ್ಟಿಯ ಪಕ್ಕದಲ್ಲೇ ಗಂಟು ಇತ್ತು. ಆ ಪಟ್ಟಿಯಲ್ಲಿ ಹೆಬ್ಬೆರಳಿಗೆ ಮೀಸಲಾದ ಜಾಗ ತುಂಬಾ ದೊಡ್ಡದು. ಹಾಗಾಗಿ ಕೆರಳಿಕೆ ಮೊದಲು ಕಂಡದ್ದು ಅಲ್ಲಿ.

ಎವಿಎಂ ಇರುವುದು ಗೊತ್ತಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಗೊತ್ತಾಗುವುದೇ ಒಡೆದ ಮೇಲೆ. ಕಾಲು ಭಾಗದಷ್ಟು ಜನರಿಗೆ ಫಿಟ್ಸ್‌ನಿಂದ. ಉಳಿದವರಿಗೆ ತಲೆನೋವಿಗೋ, ಬಿದ್ದ ಪೆಟ್ಟಿಗೋ ಸ್ಕ್ಯಾನ್ ಮಾಡಿಸಿದಾಗ. ಹೆಚ್ಚಾಗಿ 10ರಿಂದ 40ರ ವಯಸ್ಸಿನ ಒಳಗೆ. ಲಕ್ಷ ಜನರಲ್ಲಿ ಸುಮಾರು 10ರಿಂದ 18 ಜನರಿಗೆ ಇದು ಇರಬಹುದು ಎಂಬ ಅಂದಾಜಿದೆ. ಕಡಿಮೆ ಅನಿಸುತ್ತದೆ. ಆದರೆ 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.1 ಕೋಟಿ. ಲಕ್ಷಕ್ಕೆ 10 ಎಂದು ಹಿಡಿದರೂ ನಮ್ಮ ರಾಜ್ಯದಲ್ಲೇ 6,000 ಜನರಾಗುತ್ತಾರೆ. ಮಕ್ಕಳಲ್ಲಿ ಪೆಟ್ಟು ಬೀಳದೆ ಮೆದುಳಿನೊಳಗೆ ರಕ್ತಸ್ರಾವ ಆದರೆ ವೈದ್ಯರು ಮೊದಲು ಹುಡುಕುವ ಕಾರಣಗಳಲ್ಲಿ ಇದೇ ಮುಖ್ಯ.

"ಗ್ರಹಣ ನೋಡಿದ್ದಕ್ಕಾ?"

ಸ್ಕ್ಯಾನ್ ನೋಡಿದ ಡಾಕ್ಟರು "ಇದು ಹುಟ್ಟಿನಿಂದ ಬಂದಿರೋದು" ಅಂದ ಕೂಡಲೇ ಚಿಕ್ಕಮ್ಮನ ಮುಖ ಬಿಳುಚಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಇವ್ನು ಹೊಟ್ಟೇಲಿದ್ದಾಗ ಗ್ರಹಣದ ದಿನ ಆಚೆ ಬಂದಿದ್ದೆ ಡಾಕ್ಟ್ರೇ. ಅದಕ್ಕಾ?" ಡಾಕ್ಟರು ಪೆನ್ ಕೆಳಗಿಟ್ಟು, "ಇಲ್ಲ ತಾಯಿ, ನೀವು ಮಾಡಿದ್ದರಿಂದ ಏನೂ ಆಗಿಲ್ಲ" ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಈಗಲೂ ಋಣಿ. ಎಷ್ಟೋ ತಾಯಂದಿರು ಈ ಪ್ರಶ್ನೆಯನ್ನು ಕೇಳದೇನೇ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡು ಸವೆಯುತ್ತಾರೆ.

ಹಾಗಾದರೆ ಇದು ಹೇಗೆ ಆಗುತ್ತದೆ? ಭ್ರೂಣದಲ್ಲಿ ಗರ್ಭ ಕಟ್ಟಿದ ಮೂರು ವಾರದ ಸುಮಾರಿಗೇ ಹೃದಯ ಮಿಡಿಯಲು ಶುರುವಾಗುತ್ತದೆ. ಅದೇ ಹೊತ್ತಿಗೆ ರಕ್ತನಾಳಗಳು ಹೆಣೆದುಕೊಳ್ಳುತ್ತವೆ. ಮೊದಲು ಎಲ್ಲವೂ ಒಂದೇ ಥರದ ಬಲೆ. ಆಮೇಲೆ ಕೆಲವು ಅಪಧಮನಿಯಾಗುತ್ತವೆ, ಕೆಲವು ಅಭಿಧಮನಿ, ಬೇಡದ್ದು ಮುಚ್ಚಿಹೋಗುತ್ತದೆ. ಯಾವುದೋ ಒಂದು ಚಿಕ್ಕ ಜಾಗದಲ್ಲಿ ಈ ಬೇರ್ಪಡಿಕೆ ಸರಿಯಾಗಿ ಆಗದಿದ್ದರೆ ಅಪಧಮನಿಗೂ ಅಭಿಧಮನಿಗೂ ನೇರ ಸಂಪರ್ಕ ಉಳಿದುಬಿಡುತ್ತದೆ. ಬಹಳ ವರ್ಷ ಎಲ್ಲರೂ ಹೇಳುತ್ತಿದ್ದದ್ದು ಇಷ್ಟೇ.

2018ರಲ್ಲಿ ಈ ಕಥೆಗೆ ಹೊಸ ತಿರುವು ಬಂತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಎವಿಎಂ ಗಂಟುಗಳನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕೆ-ರಾಸ್ ಎಂಬ ಜೀನ್‌ನಲ್ಲಿ ಬದಲಾವಣೆ ಸಿಕ್ಕಿತು. ಅದೇ ರೋಗಿಗಳ ರಕ್ತದಲ್ಲಿ ಆ ಬದಲಾವಣೆ ಇರಲಿಲ್ಲ. ಅಂದರೆ ಅದು ಅಪ್ಪ ಅಮ್ಮನಿಂದ ಬಂದದ್ದಲ್ಲ. ಮೆದುಳಿನ ರಕ್ತನಾಳದ ಯಾವುದೋ ಒಂದು ಜೀವಕೋಶದಲ್ಲಿ ತಾನಾಗೇ ಆಗಿ, ಅಲ್ಲಿಂದ ಬೆಳೆದದ್ದು. ಮಗುವಾಗಿದ್ದಾಗ ಸ್ಕ್ಯಾನ್‌ನಲ್ಲಿ ಏನೂ ಇಲ್ಲದೆ ಆಮೇಲೆ ಎವಿಎಂ ಕಂಡ ಕೆಲವು ರೋಗಿಗಳೂ ದಾಖಲಾಗಿದ್ದಾರೆ. ಹಾಗಾಗಿ "ಹುಟ್ಟಿನಿಂದ ಬಂದದ್ದು" ಎನ್ನುವ ಮಾತನ್ನು ಕಲ್ಲಿನ ಮೇಲೆ ಬರೆದಂತೆ ಹಿಡಿಯಬೇಕಿಲ್ಲ. ಬೀಜ ಮೊದಲೇ ಬಿದ್ದಿದ್ದರೂ ಗಿಡ ಬೆಳೆಯುವುದು ಆಮೇಲೆ.

ಮನೆತನದಲ್ಲಿ ಬರುವಂಥದ್ದೂ ಒಂದಿದೆ, ಅದನ್ನು ಗುರುತಿಸುವುದು ಮುಖ್ಯ. ಎಚ್‌ಎಚ್‌ಟಿ ಎಂದು ಕರೆಯುವ ಕಾಯಿಲೆ. ಇದರಲ್ಲಿ ಮೈಯ ಬೇರೆಬೇರೆ ಕಡೆ ಇಂಥ ನೇರ ಸಂಪರ್ಕಗಳು ಇರುತ್ತವೆ. ಚಿಕ್ಕಂದಿನಿಂದ ಪದೇಪದೇ ಮೂಗಿನಲ್ಲಿ ರಕ್ತ, ತುಟಿ ನಾಲಿಗೆ ಮೇಲೆ ಕೆಂಪು ಚುಕ್ಕಿ, ಅಪ್ಪನಿಗೋ ಅಮ್ಮನಿಗೋ ಇದೇ ತೊಂದರೆ. ಇಷ್ಟು ಇದ್ದರೆ "ಉಷ್ಣ ಆಗಿದೆ" ಅಂತ ಬಿಟ್ಟುಬಿಡಬೇಡಿ. ಇಂಥವರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಮೆದುಳಿನಲ್ಲೂ ಎವಿಎಂ ಇರುತ್ತದೆ. ಶ್ವಾಸಕೋಶದಲ್ಲಿದ್ದರೆ ಅದರ ಮೂಲಕ ಹೆಪ್ಪು ದಾಟಿ ಮೆದುಳಿಗೆ ಹೋಗಿ ಲಕ್ವ ಆಗಬಹುದು.

ಎಲ್ಲರ ನಕ್ಷೆಯೂ ಒಂದೇ ಅಲ್ಲ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸ್ಕ್ಯಾನ್ ವರದಿಯಲ್ಲಿ "ರಕ್ತನಾಳ ಸಣ್ಣದಿದೆ", "ಒಂದು ನಾಳ ಇಲ್ಲ" ಎಂದು ಬರೆದಿದ್ದನ್ನು ಓದಿ ಹೆದರಿ ನಿದ್ದೆ ಬಿಡುವವರು ಬಹಳ. ಮೆದುಳಿಗೆ ನಾಲ್ಕು ನಾಳಗಳಿಂದ ರಕ್ತ ಬರುತ್ತದೆ. ಕುತ್ತಿಗೆಯ ಮುಂದೆ ಎರಡು, ಹಿಂದೆ ಬೆನ್ನುಮೂಳೆಯ ತೂತುಗಳ ಮೂಲಕ ಎರಡು. ಮೆದುಳಿನ ಬುಡದಲ್ಲಿ ಇವೆಲ್ಲ ಒಂದು ಉಂಗುರವಾಗಿ ಸೇರುತ್ತವೆ. 1664ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ವೈದ್ಯ ಥಾಮಸ್ ವಿಲ್ಲಿಸ್ ಈ ಉಂಗುರದ ಕೆಲಸವನ್ನು ಸರಿಯಾಗಿ ವಿವರಿಸಿದ. ಅದಕ್ಕೇ ವಿಲ್ಲಿಸ್ ವೃತ್ತ ಎಂಬ ಹೆಸರು. ಅವನ ಪುಸ್ತಕಕ್ಕೆ ಮೆದುಳಿನ ಚಿತ್ರ ಬರೆದವನು ಕ್ರಿಸ್ಟೋಫರ್ ರೆನ್. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿಸಿದ ವಾಸ್ತುಶಿಲ್ಪಿ ಇವನೇ!

ವಿಲ್ಲಿಸ್ ಒಂದು ಶವದಲ್ಲಿ ಕುತ್ತಿಗೆಯ ಒಂದು ಕಡೆಯ ನಾಳ ಮುಚ್ಚಿಹೋಗಿದ್ದನ್ನು ಕಂಡ. ಆ ಮನುಷ್ಯನಿಗೆ ಲಕ್ವ ಹೊಡೆದಿರಲಿಲ್ಲ, ಸತ್ತದ್ದು ಬೇರೆ ಕಾಯಿಲೆಯಿಂದ. ಹಿಂದಿನ ನಾಳ ದಪ್ಪವಾಗಿ, ಉಂಗುರದ ಮೂಲಕ ರಕ್ತ ಸುತ್ತಿ ಬಂದು ಮೆದುಳನ್ನು ಕಾಪಾಡಿತ್ತು. ಒಂದು ತೂಬು ಮುಚ್ಚಿದರೆ ಇನ್ನೊಂದರಿಂದ ನೀರು ಬಂದ ಹಾಗೆ.

ಆದರೆ ಪುಸ್ತಕದ ಚಿತ್ರದ ಹಾಗೆ ಪೂರ್ತಿ ಉಂಗುರ ಇರುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಉಳಿದವರಲ್ಲಿ ಒಂದು ಕೊಂಡಿ ಸಣ್ಣ, ಒಂದು ಇಲ್ಲವೇ ಇಲ್ಲ. ಅವರೆಲ್ಲ ಆರಾಮಾಗಿ ಬದುಕುತ್ತಾರೆ. ಈ ವ್ಯತ್ಯಾಸ ತೊಂದರೆ ಕೊಡುವುದು ಬೇರೇನೋ ಕೆಟ್ಟಾಗ. ಒಂದು ಕಡೆ ನಾಳ ಕಟ್ಟಿದರೆ ಸುತ್ತಿ ಬರಲು ದಾರಿ ಇಲ್ಲದೆ ಪೆಟ್ಟು ದೊಡ್ಡದಾಗುತ್ತದೆ. ಇನ್ನೊಂದು ಉದಾಹರಣೆ ಕೇಳಿ. ಮೆದುಳಿನ ಹಿಂಭಾಗಕ್ಕೆ, ಅಂದರೆ ನೋಟ ನೋಡಿಕೊಳ್ಳುವ ಭಾಗಕ್ಕೆ, ಸಾಮಾನ್ಯವಾಗಿ ರಕ್ತ ಹಿಂದಿನ ನಾಳಗಳಿಂದ ಬರುತ್ತದೆ. ಭ್ರೂಣದಲ್ಲಿ ಅದು ಮುಂದಿನ ನಾಳದಿಂದ ಬರುತ್ತಿರುತ್ತದೆ. ಕೆಲವರಲ್ಲಿ ಆ ಹಳೆಯ ದಾರಿಯೇ ಕೊನೆತನಕ ಉಳಿದುಬಿಡುತ್ತದೆ. ಇಂಥವರಿಗೆ ಕುತ್ತಿಗೆಯ ಮುಂದಿನ ನಾಳದಿಂದ ಹೆಪ್ಪು ಹಾರಿದರೆ ಕೈಕಾಲಿನ ಜೊತೆಗೆ ಅರ್ಧ ನೋಟವೂ ಹೋಗಬಹುದು. ಇಂಥ ನಕ್ಷೆ ಇದೆ ಎಂದು ಗೊತ್ತಾದರೆ ಅದಕ್ಕೆ ಚಿಕಿತ್ಸೆ ಏನೂ ಬೇಕಿಲ್ಲ. ಬಿಪಿ, ಶುಗರ್, ಬೀಡಿ ಸಿಗರೇಟು, ಇವುಗಳ ಕಡೆ ಗಮನ ಇಟ್ಟರಾಯಿತು.

ಎವಿಎಂನ ನೆಂಟರು ಇನ್ನೂ ಕೆಲವರಿದ್ದಾರೆ. ಅಪಧಮನಿ ಕವಲೊಡೆಯುವ ಕಡೆ ಗುಳ್ಳೆ ಏಳುವ ಅನ್ಯೂರಿಸಂ ಎಲ್ಲರಿಗೂ ಗೊತ್ತಿರುವ ಹೆಸರು. ನೂರರಲ್ಲಿ ಸುಮಾರು ಮೂರು ದೊಡ್ಡವರಿಗೆ ಅದು ಇರುತ್ತದೆ. ಅದು ಹುಟ್ಟಿನಿಂದ ಇರುವುದು ಅಪರೂಪ. ಗೋಡೆಯ ಬಲಹೀನತೆ ಕೆಲವರಿಗೆ ಮನೆತನದಿಂದ ಬಂದಿರುತ್ತದೆ, ಗುಳ್ಳೆ ಆಮೇಲೆ ಏಳುತ್ತದೆ. ನವಜಾತ ಶಿಶುಗಳಲ್ಲಿ ಕಾಣುವ ಗೇಲನ್ ಅಭಿಧಮನಿಯ ದೋಷ ಬಹಳ ಅಪರೂಪ, ಬಹಳ ಕ್ರೂರ. ಮೆದುಳಿನ ನಡುವೆ ಅಷ್ಟೊಂದು ರಕ್ತ ಸುತ್ತಿ ಹೋಗುವುದರಿಂದ ಮಗುವಿನ ಹೃದಯವೇ ಸೋತುಬಿಡುತ್ತದೆ. 2023ರ ಮಾರ್ಚಿನಲ್ಲಿ ಬಾಸ್ಟನ್ನಿನ ವೈದ್ಯರು 34 ವಾರದ ಮಗುವಿಗೆ ತಾಯಿಯ ಗರ್ಭದಲ್ಲಿದ್ದಾಗಲೇ ಸೂಜಿ ಹಾಕಿ ಇದನ್ನು ಮುಚ್ಚಿದರು. ನನಗೆ ಆ ಸುದ್ದಿ ಓದಿ ಮೈ ಜುಮ್ಮೆಂದಿತ್ತು.

ಇನ್ನೊಂದು ಮೊಯಮೊಯ. ಜಪಾನಿ ಮಾತು, ಹೊಗೆ ಮಸುಕಾಗಿ ಎದ್ದಂತೆ ಎಂಬ ಅರ್ಥ. ಇದರಲ್ಲಿ ಮುಂದಿನ ದೊಡ್ಡ ನಾಳಗಳು ಮೆಲ್ಲಮೆಲ್ಲಗೆ ಮುಚ್ಚಿಕೊಳ್ಳುತ್ತವೆ. ರಕ್ತಕ್ಕೆ ದಾರಿ ಹುಡುಕಿ ಸಣ್ಣ ನಾಳಗಳು ದಂಡುದಂಡಾಗಿ ಏಳುತ್ತವೆ. ಅವೇ ಚಿತ್ರದಲ್ಲಿ ಹೊಗೆಯಂತೆ ಕಾಣುವುದು. ಇದು ಹುಟ್ಟಿದಾಗಲೇ ಇರುವುದಿಲ್ಲ, ಆದರೆ ಪ್ರವೃತ್ತಿ ಜೀನ್‌ನಲ್ಲಿ ಇರುತ್ತದೆ. ಒಂದು ಗುರುತನ್ನು ತಂದೆತಾಯಂದಿರು ನೆನಪಿಡಬೇಕು. ಮಗು ಜೋರಾಗಿ ಅತ್ತಾಗ, ಪೀಪಿ ಊದಿದಾಗ, ಬಿಸಿ ಅನ್ನವನ್ನು ಉಫ್ ಉಫ್ ಎಂದು ಊದಿದಾಗ ಒಂದು ಕೈಯೋ ಕಾಲೋ ಸ್ವಲ್ಪ ಹೊತ್ತು ಸೋತು ಮತ್ತೆ ಸರಿಯಾಗುತ್ತದೆ. ಜೋರಾಗಿ ಉಸಿರು ಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೆದುಳಿನ ನಾಳಗಳು ಬಿಗಿಯುತ್ತವೆ. ಮೊದಲೇ ಸಾಲದ ರಕ್ತ ಇನ್ನೂ ಕಡಿಮೆಯಾಗುತ್ತದೆ. ಮಗು ನಾಟಕ ಆಡುತ್ತಿದೆ ಅಂತ ಗದರಿಸಬೇಡಿ.

ಮುಟ್ಟಬೇಕೋ, ಬಿಡಬೇಕೋ

ಸಿಟಿ ಸ್ಕ್ಯಾನಿನಲ್ಲಿ ರಕ್ತ ಸುರಿದಿರುವುದು ಕಾಣುತ್ತದೆ, ಎಂಆರ್‌ಐನಲ್ಲಿ ಗಂಟು ಕಾಣುತ್ತದೆ. ಆದರೆ ಅದರ ಒಳಹೊರಗು ಪೂರ್ತಿ ತಿಳಿಯಬೇಕಾದರೆ ಆಂಜಿಯೋಗ್ರಾಂ ಬೇಕು. 1927ರಲ್ಲಿ ಪೋರ್ಚುಗಲ್‌ನ ಲಿಸ್ಬನ್ನಿನಲ್ಲಿ ಎಗಸ್ ಮೋನಿಜ್ ಎಂಬ ವೈದ್ಯ ಮೊದಲು ಮಾಡಿದ್ದು. ಈಗ ತೊಡೆಸಂದಿನಲ್ಲೋ ಮಣಿಕಟ್ಟಿನಲ್ಲೋ ತೆಳ್ಳನೆಯ ಕೊಳವೆ ತೂರಿಸಿ ಕುತ್ತಿಗೆಯ ತನಕ ಒಯ್ದು ಬಣ್ಣದ ಔಷಧಿ ಬಿಡುತ್ತಾರೆ.

ನಮ್ಮ ಹುಡುಗನ ಆಂಜಿಯೋಗ್ರಾಂ ಆದ ಮೇಲೆ ಡಾಕ್ಟರು ಪರದೆಯ ಮೇಲೆ ನಿಧಾನವಾಗಿ ಓಡಿಸಿ ತೋರಿಸಿದರು. ಮೊದಲು ಅಪಧಮನಿಗಳು ಬೇರಿನ ಹಾಗೆ ಕಪ್ಪಗೆ ಮೂಡಿದವು. ಎಲ್ಲ ಸರಿ ಇದ್ದಿದ್ದರೆ ಆಮೇಲೆ ಇಡೀ ಮೆದುಳು ತೆಳುವಾಗಿ ಮಬ್ಬಾಗಬೇಕಿತ್ತು. ಅದು ಲೋಮನಾಳಗಳ ಸರದಿ. ಕೆಲವು ಸೆಕೆಂಡು ಕಳೆದ ಮೇಲೆ ಅಭಿಧಮನಿಗಳು ಮೂಡಬೇಕು. ಆದರೆ ಅಪಧಮನಿ ಇನ್ನೂ ತುಂಬುತ್ತಿರುವಾಗಲೇ ಎಡಗಡೆ ಒಂದು ಗೋಜಲು, ಅದರ ಹಿಂದೆಯೇ ದಪ್ಪನೆಯ ಒಂದು ಅಭಿಧಮನಿ ಪಕ್ಕನೆ ಕಾಣಿಸಿಕೊಂಡಿತು. "ಸರದಿ ಬಿಟ್ಟು ಮುಂದೆ ಬಂದುಬಿಟ್ಟಿದೆ ನೋಡಿ" ಅಂದರು ಡಾಕ್ಟರು. ಇಷ್ಟು ದಿನ ಓದಿಯೂ ತಿಳಿಯದ್ದು ಆ ಒಂದು ಕ್ಷಣದಲ್ಲಿ ತಿಳಿಯಿತು.

ಆಮೇಲೆ ಲೆಕ್ಕ. 1986ರಿಂದ ಬಳಕೆಯಲ್ಲಿರುವ ಸ್ಪೆಟ್ಜ್ಲರ್ ಮಾರ್ಟಿನ್ ಅಳತೆಯಲ್ಲಿ ಮೂರು ಪ್ರಶ್ನೆ. ಗಂಟು ಎಷ್ಟು ದೊಡ್ಡದು? 3 ಸೆಂಟಿಮೀಟರಿಗಿಂತ ಚಿಕ್ಕದಕ್ಕೆ 1, 6ರ ತನಕ 2, ಅದಕ್ಕೂ ದೊಡ್ಡದಕ್ಕೆ 3 ಅಂಕ. ಮಾತು, ಚಲನೆ, ನೋಟದಂಥ ಮುಖ್ಯ ಜಾಗದಲ್ಲಿದೆಯೇ? ಇದ್ದರೆ 1. ರಕ್ತ ಮೆದುಳಿನ ಆಳದ ಅಭಿಧಮನಿಗೆ ಹೋಗುತ್ತದೆಯೇ? ಹೋದರೆ 1. ಅಂಕ ಹೆಚ್ಚಿದಷ್ಟೂ ಕತ್ತರಿಸಿ ತೆಗೆಯುವುದು ಅಪಾಯ. ನಮ್ಮವನದು ಚಿಕ್ಕದು, ಆದರೆ ಕೈ ಆಡಿಸುವ ಜಾಗದ ಪಕ್ಕ, ರಕ್ತವೂ ಆಳಕ್ಕೆ. ಒಟ್ಟು 3. ನಡುವಿನದು, ಅಂದರೆ ತೀರ್ಮಾನ ಕಷ್ಟವಾದದ್ದು.

ಒಡೆಯದ ಎವಿಎಂ ಒಂದು ವರ್ಷದಲ್ಲಿ ಒಡೆಯುವ ಸಾಧ್ಯತೆ ಸುಮಾರು ನೂರಕ್ಕೆ 2ರಿಂದ 4. ಒಮ್ಮೆ ಒಡೆದರೆ ಮುಂದಿನ ಒಂದು ವರ್ಷ ಅದು ಇನ್ನೂ ಹೆಚ್ಚು. ನೂರಕ್ಕೆ 3 ಅಂದರೆ ಏನು ಮಹಾ ಅನಿಸುತ್ತದೆ. ಅದೇ ದರ ಹಿಡಿದು ಲೆಕ್ಕ ಹಾಕಿ. 10 ವರ್ಷದಲ್ಲಿ ಒಮ್ಮೆಯಾದರೂ ಒಡೆಯುವ ಸಾಧ್ಯತೆ ನೂರಕ್ಕೆ 26. 45 ವರ್ಷದಲ್ಲಿ ನೂರಕ್ಕೆ 75ರ ಹತ್ತಿರ. ಎಪ್ಪತ್ತರ ಅಜ್ಜನಿಗೂ ಹತ್ತೊಂಬತ್ತರ ಹುಡುಗನಿಗೂ ಗಂಟು ಒಂದೇ ಥರದ್ದಿದ್ದರೂ ಉತ್ತರ ಬೇರೆ ಯಾಕೆ ಎಂಬುದು ಇಲ್ಲಿದೆ.

ಹಾಗಂತ ಎಲ್ಲರಿಗೂ ಚಿಕಿತ್ಸೆ ಮಾಡಿಬಿಡಿ ಎನ್ನುವ ಹಾಗೂ ಇಲ್ಲ. ಅರೂಬಾ ಎಂಬ ಅಧ್ಯಯನದಲ್ಲಿ ಒಡೆಯದ ಎವಿಎಂ ಇದ್ದ 223 ದೊಡ್ಡವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಮಾತ್ರೆ ಮತ್ತು ನಿಗಾ, ಇನ್ನೊಂದಕ್ಕೆ ಅದರ ಜೊತೆಗೆ ಗಂಟು ಮುಚ್ಚುವ ಚಿಕಿತ್ಸೆ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಸರಾಸರಿ 33 ತಿಂಗಳಲ್ಲಿ ಸಾವು ಅಥವಾ ಪಾರ್ಶ್ವವಾಯು ಆದವರು ಮೊದಲ ಗುಂಪಿನಲ್ಲಿ ನೂರಕ್ಕೆ 10, ಎರಡನೆಯದರಲ್ಲಿ 30 ದಾಟಿತ್ತು. ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಎಷ್ಟೋ ಶಸ್ತ್ರವೈದ್ಯರು ಇದನ್ನು ಒಪ್ಪಲಿಲ್ಲ. ಮೂರು ವರ್ಷ ನೋಡಿ ಮೂವತ್ತು ವರ್ಷದ ತೀರ್ಮಾನ ಮಾಡುವುದು ಹೇಗೆ, ಸುಲಭವಾಗಿ ತೆಗೆಯಬಹುದಾದ ಚಿಕ್ಕ ಗಂಟಿಗೂ ಇದೇ ಉತ್ತರವೇ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ ಎಂದು ನನಗೂ ಅನಿಸುತ್ತದೆ. ಆದರೆ ಅರೂಬಾ ಒಂದು ಒಳ್ಳೆಯ ಕೆಲಸ ಮಾಡಿತು. "ಇದೆ, ಆದ್ದರಿಂದ ತೆಗೆಯೋಣ" ಎನ್ನುವ ಅವಸರಕ್ಕೆ ತಡೆ ಹಾಕಿತು.

ಒಡೆದದ್ದಾದರೆ ಈ ಚರ್ಚೆ ಹೆಚ್ಚು ಇರುವುದಿಲ್ಲ. 2006ರ ಡಿಸೆಂಬರ್ 13ರಂದು ಅಮೆರಿಕದ ಸೆನೆಟರ್ ಟಿಮ್ ಜಾನ್ಸನ್ ಫೋನಿನಲ್ಲಿ ಪತ್ರಕರ್ತರ ಜೊತೆ ಮಾತಾಡುತ್ತಿದ್ದಾಗಲೇ ಮಾತು ತಡವರಿಸಿತು. ಎವಿಎಂ ಒಡೆದಿತ್ತು, ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಿದರು. ಒಂಬತ್ತು ತಿಂಗಳ ನಂತರ ಸೆನೆಟ್ಟಿಗೆ ಮರಳಿದರು. ಬಲಗೈ ಮತ್ತು ಮಾತು ಪೂರ್ತಿ ಮೊದಲಿನಂತಾಗಲಿಲ್ಲ, ಆದರೂ 2008ರ ಚುನಾವಣೆ ಗೆದ್ದರು. ಟೇಲರ್ ಅವರಿಗೆ ರಕ್ತಸ್ರಾವ ಆಗಿ ಎರಡೂವರೆ ವಾರಕ್ಕೆ ಗಾಲ್ಫ್ ಚೆಂಡಿನಷ್ಟು ದೊಡ್ಡ ಹೆಪ್ಪನ್ನು ತೆಗೆದರು. ಪೂರ್ತಿ ಚೇತರಿಸಿಕೊಳ್ಳಲು ಎಂಟು ವರ್ಷ ಬೇಕಾಯಿತು.

ದಾರಿಗಳು ಮೂರು. ತಲೆಬುರುಡೆ ತೆರೆದು ಗಂಟನ್ನು ಬಿಡಿಸಿ ತೆಗೆಯುವುದು. ಕೊಳವೆಯ ಮೂಲಕ ಅಂಟಿನಂಥ ದ್ರವ ತುಂಬಿಸಿ ಒಳಗಿನಿಂದ ಮುಚ್ಚುವುದು. ಮೂರನೆಯದು ಗಾಮಾ ನೈಫ್. ಹೆಸರಿನಲ್ಲಿ ಚಾಕು ಇದೆಯೇ ಹೊರತು ಕತ್ತರಿಸುವುದು ಏನೂ ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1968ರಲ್ಲಿ ತಂದ ಯಂತ್ರ ಇದು. ಸುಮಾರು 200 ಸಣ್ಣ ವಿಕಿರಣ ಕಿರಣಗಳು ಬೇರೆಬೇರೆ ಕಡೆಯಿಂದ ಬಂದು ಗಂಟಿನ ಮೇಲೆ ಮಾತ್ರ ಒಟ್ಟಾಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಯಂತ್ರ ಇದೆ. ಆದರೆ ಪರಿಣಾಮ ಅಂದೇ ಆಗುವುದಿಲ್ಲ. ನಾಳಗಳ ಒಳಗೋಡೆ ಮೆಲ್ಲಗೆ ದಪ್ಪವಾಗಿ ಎರಡು ಮೂರು ವರ್ಷದಲ್ಲಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯತನಕ ಒಡೆಯುವ ಭಯ ಇದ್ದೇ ಇರುತ್ತದೆ. ಗಂಟು ದೊಡ್ಡದಾದರೆ ಮುಚ್ಚದೇನೂ ಇರಬಹುದು.

ಈ ತೀರ್ಮಾನಕ್ಕೆ ಒಬ್ಬರ ಮಾತು ಸಾಲದು. ಶಸ್ತ್ರಚಿಕಿತ್ಸೆ ಮಾಡುವವರು, ಕೊಳವೆ ಹಾಕುವವರು, ಗಾಮಾ ನೈಫ್ ಮಾಡುವವರು ಕೂತು ಮಾತಾಡುವ ಆಸ್ಪತ್ರೆಗೆ ಹೋಗಿ. ಒಡೆಯದಿದ್ದರೆ ಅವಸರವಿಲ್ಲ, ಎರಡನೇ ಅಭಿಪ್ರಾಯ ಕೇಳಲು ಸಂಕೋಚ ಬೇಡ.

ಆದರೆ ತಲೆ ಸಿಡಿದಂಥ ನೋವು ಒಮ್ಮೆಲೇ ಬಂದರೆ, ವಾಂತಿ, ಮಂಪರು ಇದ್ದರೆ, ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಮೊದಲ ಸಲ ಫಿಟ್ಸ್ ಬಂದರೆ, ಆಗ ಎಷ್ಟೇ ಚಿಕ್ಕ ವಯಸ್ಸಾದರೂ 108ಕ್ಕೆ ಫೋನ್ ಮಾಡಿ. ಶುರುವಾದ ಹೊತ್ತು ಬರೆದಿಟ್ಟುಕೊಳ್ಳಿ. ಮನೆಯಲ್ಲಿರುವ ಆಸ್ಪಿರಿನ್ ಕೊಡಬೇಡಿ. ಹೆಪ್ಪು ಕಟ್ಟಿ ಬಂದ ಲಕ್ವಕ್ಕೆ ಕೊಡುವ ಔಷಧ ರಕ್ತ ಸುರಿಯುವ ಲಕ್ವಕ್ಕೆ ವಿಷ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಸ್ಕ್ಯಾನ್ ಮಾಡದೆ ಯಾರಿಗೂ ಹೇಳಲಾಗುವುದಿಲ್ಲ. ಫಿಟ್ಸ್ ಬಂದವರನ್ನು ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸಿ. ಬಾಯಿಗೆ ನೀರು, ಚಮಚ ಏನೂ ಬೇಡ. ಕೈಗೆ ಕಬ್ಬಿಣವೂ ಬೇಡ.

ನಮ್ಮ ಹುಡುಗನಿಗೆ ಗಾಮಾ ನೈಫ್ ಮಾಡಿಸುವುದೆಂದು ಆಯಿತು. ಬೆಳಿಗ್ಗೆ ತಲೆಗೆ ನಾಲ್ಕು ಕಡೆ ಮರಗಟ್ಟಿಸುವ ಸೂಜಿ ಹಾಕಿ ಚೌಕಟ್ಟು ಬಿಗಿದರು. ಮಾರನೇ ದಿನ ಮನೆಗೆ ಬಂದ. ಹಣೆಯ ಮೇಲೆ ಎರಡು ಚುಕ್ಕಿ ಗಾಯ ಬಿಟ್ಟರೆ ಏನೂ ಇರಲಿಲ್ಲ. ಆಮೇಲಿನ ಮೂರು ವರ್ಷವೇ ಉದ್ದ. ಅವನಿಗೆ ಸ್ವಲ್ಪ ತಲೆನೋವು ಬಂದರೂ ಚಿಕ್ಕಮ್ಮ ರಾತ್ರಿಯೆಲ್ಲ ಎದ್ದೆದ್ದು ಉಸಿರು ನೋಡುತ್ತಿದ್ದರು. ಅವನು ಮಾತ್ರೆ ತಪ್ಪಿಸಲಿಲ್ಲ, ಬೈಕ್ ಮುಟ್ಟಲಿಲ್ಲ, ಡಿಗ್ರಿ ಮುಗಿಸಿದ.

ಮೂರನೇ ವರ್ಷ ಮತ್ತೆ ಆಂಜಿಯೋಗ್ರಾಂ. ಮತ್ತೆ ಅದೇ ಕತ್ತಲ ಕೋಣೆ, ಅದೇ ಪರದೆ. ಈ ಸಲ ಚಿಕ್ಕಮ್ಮನೂ ಒಳಗೆ ಬಂದು ನಿಂತಿದ್ದರು. ಅಪಧಮನಿಗಳು ಮೂಡಿದವು. ನಾನು ಎಡಗಡೆಗೇ ಕಣ್ಣಿಟ್ಟಿದ್ದೆ. ಮೆದುಳು ತೆಳುವಾಗಿ ಮಬ್ಬಾಯಿತು. ಆ ಮಬ್ಬು ಕರಗಿದ ಮೇಲೆ, ತನ್ನ ಸರದಿ ಬಂದಾಗ, ಅಭಿಧಮನಿಗಳು ಒಂದೊಂದಾಗಿ ಮೂಡಿದವು.